ಮಕ್ಕಳಿಗಾಗಿ ಸರಕಾರವೇ ಇಂಟರ್ನೆಟ್‌ಗೆ ಫಿಲ್ಟರ್ ಹಾಕಿದರೆ ಏನು ತೊಂದರೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಗೆಳೆಯರ ಗುಂಪು. ಈ ವಾರ ಉತ್ತರ ಕೊಡುವವರು ಹುಬ್ಬಳ್ಳಿಯಲ್ಲಿ ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವ ಕಂಪನಿಯೊಂದರ ನೆಟ್‌ವರ್ಕ್ ಎಂಜಿನಿಯರ್. ಸರಕಾರದ ಕಡ್ಡಾಯ ಫಿಲ್ಟರ್ ಬೇಡ ಅನ್ನುವವರು ಇವರು.

ಪ್ರಶ್ನೆ (ವಿದ್ಯಾನಗರದ ತಾಯಿ): ಸರ, ಮಗ ಎಂಟನೇ ಕ್ಲಾಸು. ಹೋಮ್‌ವರ್ಕ್ ಅಂತ ಮೊಬೈಲ್ ಹಿಡಿದರೆ ಏನೇನೋ ಕೆಟ್ಟ ಸೈಟ್ ತೆರೆದುಕೊಳ್ಳುತ್ತವೆ. ಸರಕಾರ ಎಲ್ಲ ಕಂಪನಿಗಳಿಗೂ ಕಡ್ಡಾಯವಾಗಿ ಫಿಲ್ಟರ್ ಹಾಕಿಸಿದರೆ ಮುಗಿಯಿತು ಅಲ್ವಾ? ಫಾರಿನ್‌ನಲ್ಲಿ ಹಾಕಿದ್ದಾರಂತೆ. ನೀವು ವಿರೋಧ ಮಾಡೋದು ಯಾಕೆ?

ಉತ್ತರ: ಅಕ್ಕಾರ, ನಿಮ್ಮ ಚಿಂತೆ ಸರಿಯಾಗೇ ಇದೆ. ನನ್ನ ತಕರಾರು ಫಿಲ್ಟರ್ ಮೇಲಲ್ಲ, ಅದರ ಪಟ್ಟಿ ಯಾರ ಕೈಯಲ್ಲಿದೆ, ಅದನ್ನು ನಾವು ನೋಡಬಹುದಾ ಅನ್ನೋದರ ಮೇಲೆ.

ಈಗಲೂ ನಮ್ಮಂಥ ಕಂಪನಿಗಳಿಗೆ ಟೆಲಿಕಾಂ ಇಲಾಖೆಯಿಂದ ಪಟ್ಟಿ ಬರುತ್ತದೆ. ಸಾಲಾಗಿ ಸೈಟ್‌ಗಳ ಹೆಸರು, ಅಷ್ಟೇ. ಯಾಕೆ ಅಂತ ಇರುವುದಿಲ್ಲ, ಕೇಳುವ ಹಾಗೂ ಇಲ್ಲ. ಸೈಟ್ ಬಂದ್ ಮಾಡಿಸುವ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಮಿನ ಆದೇಶ ಪಾಲಿಸದಿದ್ದರೆ 7 ವರ್ಷದವರೆಗೆ ಜೈಲು. ಹೀಗಿರುವಾಗ ಯಾವ ಎಂಜಿನಿಯರ್ ವಾದ ಮಾಡುತ್ತಾನೆ? ಸುಮ್ನೆ ಹಾಕಿಬಿಡುತ್ತೇವೆ.

ಹಾಕುವುದು ಹೇಗೆ ಅಂದರೆ, ನೀವು ಸೈಟಿನ ಹೆಸರು ಬರೆದಾಗ ಅದರ ನಂಬರ್ (ಐಪಿ ನಂಬರ್) ಹುಡುಕಿ ಕೊಡುವ ಸರ್ವರ್ ನಮ್ಮಲ್ಲಿದೆ. ಅದಕ್ಕೆ ಡಿಎನ್‌ಎಸ್ ಅಂತಾರೆ. ಪಟ್ಟಿಯಲ್ಲಿರುವ ಹೆಸರು ಕೇಳಿದರೆ ಅದು ತಪ್ಪು ನಂಬರ್ ಕೊಡುತ್ತದೆ. ನಿಮ್ಮ ಮಗ ಫೋನಿನ ಸೆಟ್ಟಿಂಗ್‌ನಲ್ಲಿ ಬೇರೆ ಡಿಎನ್‌ಎಸ್ ಹಾಕಿಕೊಂಡರೆ ನಮ್ಮದನ್ನು ಕೇಳುವುದೇ ಇಲ್ಲ. ಇದನ್ನೂ ತಡೆಯಲು ಕೆಲವು ಕಂಪನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ಬೀಗದ ಚಿಹ್ನೆ ಇರುವ ಸೈಟಿಗೂ ಮೊದಲ ಸಂಪರ್ಕದಲ್ಲಿ ಸಾಮಾನ್ಯವಾಗಿ ಹೆಸರು ಬಯಲಾಗೇ ಹೋಗುತ್ತದೆ, ಅದನ್ನು ಓದಿ ಕತ್ತರಿಸುತ್ತಾರೆ. ಅಂದರೆ ಎಲ್ಲರ ಸಂಪರ್ಕವನ್ನೂ ಇಣುಕಿ ನೋಡಬೇಕು. ಅಷ್ಟಾದರೂ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಮುಚ್ಚಿ ಸಾಗಿಸುವ ವಿಪಿಎನ್ ಹಾಕಿದವನಿಗೆ ತಡೆ ಇಲ್ಲ. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ಸೈಟುಗಳಿಗೆ ವಯಸ್ಸಿನ ತಪಾಸಣೆ ಕಡ್ಡಾಯ ಮಾಡಿದರು. ಕೂಡಲೇ ಅಲ್ಲಿ ಜನ ಮುಗಿಬಿದ್ದು ಇಳಿಸಿಕೊಂಡದ್ದು ವಿಪಿಎನ್ ಆ್ಯಪ್‌ಗಳನ್ನು.

ಫಾರಿನ್ ಅಂದಿರಲ್ಲ, ಆಸ್ಟ್ರೇಲಿಯಾದ್ದು ಕೇಳಿ. ಅಲ್ಲಿನ ಸರಕಾರ 2008ರ ಹೊತ್ತಿಗೆ ದೇಶಕ್ಕೆಲ್ಲ ಕಡ್ಡಾಯ ಫಿಲ್ಟರ್ ತರಲು ಹೊರಟಿತ್ತು, ಮಕ್ಕಳ ಹೆಸರಿನಲ್ಲೇ. 2009ರಲ್ಲಿ ಅವರ ಗುಟ್ಟಿನ ಕಪ್ಪುಪಟ್ಟಿ ಸೋರಿಹೋಯಿತು. ನೋಡಿದರೆ ಅದರಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಸೈಟೂ ಇತ್ತು! 2012ರ ನವೆಂಬರ್‌ನಲ್ಲಿ ಯೋಜನೆ ಕೈಬಿಟ್ಟು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸೈಟುಗಳಿಗೆ ಮಾತ್ರ ಇಂಟರ್‌ಪೋಲ್ ಪಟ್ಟಿ ಬಳಸಿದರು. ಆದರೆ ಬ್ಲಾಕ್ ಮಾಡುವ ಅಧಿಕಾರ ಕೈಯಲ್ಲಿ ಉಳಿದಿತ್ತಲ್ಲ, ಮರುವರ್ಷ ಬೇರೆ ಇಲಾಖೆ ಅದನ್ನೇ ಹಿಡಿದು ಹಣ ವಂಚನೆಯ ಸೈಟ್ ಒಂದನ್ನು ಮುಚ್ಚಿಸಲು ಹೋಯಿತು. ಅದೇ ಐಪಿ ನಂಬರಿನಲ್ಲಿದ್ದ ಸಾವಿರಕ್ಕೂ ಹೆಚ್ಚು ಬೇರೆ ಸೈಟ್‌ಗಳು ಬಂದ್ ಆದವು. ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಒಂದು ಅಂಗಡಿ ಮುಚ್ಚಿಸಲು ಇಡೀ ಬೈಲಿಗೆ ಬೇಲಿ ಹಾಕಿದ ಹಾಗಾಯಿತು.

ಪ್ರಶ್ನೆ (ಹಾವೇರಿಯ ಶಿಕ್ಷಕರು): ಅದು ಅವರ ದೇಶ. ನಮ್ಮಲ್ಲಿ ಹಾಗೆ ಆಗಿದೆಯಾ?

ಉತ್ತರ: ಆಗಿದೆ ಸರ. 2014ರ ಕೊನೆಗೆ ಉಗ್ರರ ಬರಹಗಳಿವೆ ಅಂತ 32 ಸೈಟ್ ಬಂದ್ ಮಾಡಿದರು. ಅದರಲ್ಲಿ ಗಿಟ್‌ಹಬ್ ಕೂಡ ಸೇರಿತ್ತು. ಸಾಫ್ಟ್‌ವೇರ್ ಹುಡುಗರು ದಿನವಿಡೀ ಕೆಲಸ ಮಾಡುವ ಜಾಗ ಅದು. 2015ರಲ್ಲಿ ಅಶ್ಲೀಲ ಅಂತ 857 ಸೈಟ್‌ಗಳ ಪಟ್ಟಿ ಬಂತು. ಬರೀ ಜೋಕಿನ ಸೈಟೂ ಅದರಲ್ಲಿ ಸಿಕ್ಕಿಕೊಂಡಿತ್ತು. ಗದ್ದಲ ಆದ ಮೇಲೆ ಕೆಲವೇ ದಿನದಲ್ಲಿ ಸಡಿಲ ಮಾಡಿದರು. ಇವೆರಡೂ ಪಟ್ಟಿ ಹೊರಗೆ ಬಂದವು, ಹಾಗಾಗಿ ನಮಗೆ ಗೊತ್ತಾಯಿತು.

ಪ್ರಶ್ನೆ (ನವನಗರದಿಂದ): ಹಾಗಾದರೆ ಏನೂ ಬಂದ್ ಮಾಡಬಾರದಾ? ಮಕ್ಕಳನ್ನು ಹಿಂಸಿಸುವ ವಿಡಿಯೋನೂ ಇರಲಿ ಅಂತೀರಾ?

ಉತ್ತರ: ಖಂಡಿತ ಇಲ್ಲ. ಅದನ್ನು ನೋಡುವುದೂ, ಇಳಿಸಿಕೊಳ್ಳುವುದೂ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಆ ಪಟ್ಟಿ ಬಂದರೆ ಎರಡನೇ ಮಾತಿಲ್ಲ. ಕಣ್ಣಿಗೆ ಬಿದ್ದರೆ 1930ಕ್ಕೆ ಫೋನ್ ಮಾಡಬೇಡಿ, ಆ ನಂಬರ್ ಮುಖ್ಯವಾಗಿ ಹಣ ಕಳಕೊಂಡವರಿಗೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು.

ಪ್ರಶ್ನೆ (ಗದಗಿನ ಯುವಕ): ಅಣ್ಣಾ, ನಾನು ಓದುವ ಒಂದು ಸುದ್ದಿ ಸೈಟ್ ತೆರೆಯುತ್ತಿಲ್ಲ. ಸರಕಾರ ಮುಚ್ಚಿಸಿದ್ದಾ, ನೆಟ್ ಕೆಟ್ಟಿದೆಯಾ, ಹೇಗೆ ತಿಳಿಯೋದು?

ಉತ್ತರ: ಮೊದಲು ಬೇರೆ ಕಂಪನಿಯ ಸಿಮ್‌ನಲ್ಲಿ ನೋಡು. ಅಲ್ಲಿ ತೆರೆದರೆ ಬಹುಶಃ ನಿಮ್ಮ ಕಂಪನಿಯದೇ ಗಡಿಬಿಡಿ. ಆದರೆ ಆದೇಶ ಇದ್ದರೂ ಎಲ್ಲ ಕಂಪನಿಗಳು ಒಂದೇ ಥರ ಹಾಕುವುದಿಲ್ಲ, ಹಾಗಾಗಿ ಇದು ಪಕ್ಕಾ ಅಲ್ಲ. ಊನಿ ಪ್ರೋಬ್ (OONI Probe) ಅಂತ ಉಚಿತ ಆ್ಯಪ್ ಇದೆ. ಡಿಎನ್‌ಎಸ್‌ನಲ್ಲಿ ತಡೆದಿದ್ದಾರಾ, ಮುಂದೆ ತಡೆದಿದ್ದಾರಾ ಅಂತ ತೋರಿಸುತ್ತದೆ. ಆದೇಶದ ಪ್ರತಿ ಕೇಳುವ ದಾರಿ ನಮ್ಮ ವಕೀಲರು ಹೇಳಲಿ.

ಗುಂಪಿನ ವಕೀಲರು (ಧಾರವಾಡ): 2009ರ ಬ್ಲಾಕಿಂಗ್ ನಿಯಮಗಳಲ್ಲಿ 16ನೆಯದು ಎಲ್ಲ ಗುಟ್ಟಾಗಿರಬೇಕು ಅನ್ನುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಅದನ್ನೇ ಮುಂದೆ ಹಿಡಿಯುತ್ತಾರೆ. ತೀರ್ಮಾನ ಮಾಡುವ ಸಮಿತಿಯಲ್ಲಿ ಅಧಿಕಾರಿಗಳೇ ಇರುತ್ತಾರೆ, ನ್ಯಾಯಾಧೀಶರಿಲ್ಲ. ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಮಾತು ಬರೆದರೆ ಶಿಕ್ಷೆ ಅನ್ನುವ 66ಎ ಕಲಮನ್ನು ರದ್ದು ಮಾಡಿತು, ಆದರೆ 69ಎ ಉಳಿಸಿತು. ಕಾರಣ ಬರವಣಿಗೆಯಲ್ಲಿ ಇರಬೇಕು, ಅದನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು ಅನ್ನುವ ಆಧಾರದ ಮೇಲೆ. ಕಾರಣವನ್ನೇ ತೋರಿಸದಿದ್ದರೆ ಪ್ರಶ್ನಿಸುವುದು ಯಾವುದನ್ನು?

ಆದರೂ ದಾರಿ ಇದೆ. ವರದಕ್ಷಿಣೆಯನ್ನು ಗೇಲಿ ಮಾಡಲು ಒಬ್ಬರು 'ವರದಕ್ಷಿಣೆ ಕ್ಯಾಲ್ಕುಲೇಟರ್' ಸೈಟ್ ಮಾಡಿದ್ದರು. 2018ರಲ್ಲಿ ಅದನ್ನು ಮುಚ್ಚಿಸಿದರು. ಅವರು ಕೋರ್ಟಿಗೆ ಹೋದರು. 2022ರಲ್ಲಿ ದೆಹಲಿ ಹೈಕೋರ್ಟ್ ಆದೇಶದ ಪ್ರತಿ ಕೊಡಿ, ಅವರ ಮಾತು ಕೇಳಿ ಅಂದಿತು. ನಮ್ಮ ಹೈಕೋರ್ಟ್ ಗಾಳಿ ಬೇರೆ ಕಡೆ ಬೀಸಿದೆ. 2023ರ ಜೂನ್ 30ರಂದು ಬ್ಲಾಕ್ ಆದೇಶಗಳ ವಿರುದ್ಧದ ಟ್ವಿಟರ್ ಅರ್ಜಿ ವಜಾ ಮಾಡಿ 50 ಲಕ್ಷ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಬರಹ, ವಿಡಿಯೋ ತೆಗೆಯಿರಿ ಅಂತ ಸರಕಾರ ಕಂಪನಿಗಳಿಗೆ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯನ್ನೂ ತಳ್ಳಿಹಾಕಿತು. ಆದರೆ ಅವೆರಡೂ ವಿದೇಶಿ ಕಂಪನಿ ಹಾಕಿದ ಕೇಸು. ಸೈಟ್ ನಡೆಸುವವರು ನಮ್ಮ ನಾಗರಿಕರಾದರೆ ವಾಕ್ ಸ್ವಾತಂತ್ರ್ಯದ ಮಾತಿಗೆ ಬಲ ಜಾಸ್ತಿ. ಗದಗ, ಹಾವೇರಿಯವರು ಬೆಂಗಳೂರಿಗೆ ಓಡಬೇಕಿಲ್ಲ, ಧಾರವಾಡ ಪೀಠ 2013ರಿಂದ ಕಾಯಂ ಆಗಿದೆ.

ಪ್ರಶ್ನೆ (ವಿದ್ಯಾನಗರದ ತಾಯಿ): ಅದೆಲ್ಲ ಆಗಲಿ ಸರ. ಇವತ್ತು ರಾತ್ರಿ ನಾನು ಏನು ಮಾಡಲಿ?

ಉತ್ತರ: ಅಕ್ಕಾರ, ರೂಟರ್ ಕೆಳಗೆ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ 192.168.1.1 ಥರದ ನಂಬರ್, ಜೊತೆಗೆ ಯೂಸರ್ ಹೆಸರು, ಪಾಸ್‌ವರ್ಡ್ ಇರುತ್ತವೆ. ಬ್ರೌಸರ್‌ನಲ್ಲಿ ಆ ನಂಬರ್ ಹಾಕಿ ಒಳಗೆ ಹೋಗಿ, ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಬರೆಯಿರಿ. ಇದು ಕ್ಲೌಡ್‌ಫ್ಲೇರ್‌ನ ಉಚಿತ ಫ್ಯಾಮಿಲಿ ಫಿಲ್ಟರ್, ಬಹುಪಾಲು ಅಶ್ಲೀಲ ಸೈಟ್ ತಡೆಯುತ್ತದೆ. ಬೇಡವಾದ ದಿನ ನೀವೇ ತೆಗೆಯಬಹುದು. ಮೊಬೈಲ್ ಡೇಟಾಗೆ ಇದು ಹತ್ತುವುದಿಲ್ಲ, ಅದಕ್ಕೆ ಮಗನ ಫೋನಿನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಅನ್ನುವ ಪೋಷಕರ ನಿಯಂತ್ರಣದ ಆ್ಯಪ್ ಹಾಕಿ. ಹಾಕುವಾಗ ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಕದ್ದು ಮಾಡಬೇಡಿ.

ವಿದ್ಯಾನಗರದ ತಾಯಿ: ರೂಟರ್ ಪಾಸ್‌ವರ್ಡ್ ಹಾಕಿದವನೇ ಅವನು ಸರ!

ಉತ್ತರ: ಹಾಗಿದ್ದರೆ ಹಿಂದಿನ ಸಣ್ಣ ತೂತಿನಲ್ಲಿ ಪಿನ್ ಚುಚ್ಚಬೇಡಿ, ರೀಸೆಟ್ ಆದರೆ ನೆಟ್ಟೇ ಹೋಗುತ್ತದೆ. ನಿಮ್ಮ ಕಂಪನಿಯ ಆಫೀಸಿಗೆ ಫೋನ್ ಮಾಡಿ, ಅಲ್ಲಿಂದಲೇ ಬದಲಿಸಿ ಕೊಡುತ್ತಾರೆ.