ಮೈಸೂರಿನಿಂದ ಒಂದು ದಿನದ ಕಾರು ಪ್ರವಾಸ: ಸೋಮನಾಥಪುರ, ತಲಕಾಡು, ಶಿವನಸಮುದ್ರ

ಪ್ರಶ್ನೆ: ವಯಸ್ಸಾದ ತಂದೆ ತಾಯಿಯವರೊಂದಿಗೆ ಬಾಡಿಗೆ ಕಾರಿನಲ್ಲಿ ಈ ಮೂರೂ ಸ್ಥಳಗಳನ್ನು, ಅವರಿಗೆ ಆಯಾಸವಾಗದಂತೆ, ಒಂದೇ ದಿನದಲ್ಲಿ ನೋಡಿಬರಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಸಾಧ್ಯ. ಬೆಳಿಗ್ಗೆ ಬೇಗನೆ ಹೊರಟು ಮೊದಲು ಸೋಮನಾಥಪುರಕ್ಕೆ ಹೋಗಿ. 1258ರ ಕೇಶವ ದೇವಾಲಯದ ನಕ್ಷತ್ರಾಕಾರದ ಜಗತಿಯನ್ನು (ದೇವಾಲಯ ನಿಂತಿರುವ ಎತ್ತರದ ಕಟ್ಟೆ) ಸುತ್ತುತ್ತಾ, ಗೋಡೆಯ ಕೆಳಸಾಲಿನ ಆನೆಗಳನ್ನೂ ಅವುಗಳ ಮೇಲಿನ ಕುದುರೆಗಳನ್ನೂ ಎಳೆಬಿಸಿಲಿನಲ್ಲಿ ನಿಂತು ನೋಡುವ ಸುಖವೇ ಬೇರೆ; ಕಲ್ಲು ಕಾದ ಮೇಲೆ ಬರಿಗಾಲಿನಲ್ಲಿ ನಡೆಯುವುದು ಹಿರಿಯರಿಗೆ ಕಷ್ಟ.

ಉತ್ತರ 2: ತಲಕಾಡಿನಲ್ಲಿ ಮರಳಿನ ಮೇಲೆ ನಡೆಯಬೇಕಾಗುವುದರಿಂದ, ಮಂಡಿನೋವಿದ್ದರೆ ವೈದ್ಯನಾಥೇಶ್ವರನ ದರ್ಶನವಷ್ಟೇ ಸಾಕೆಂದು ನನ್ನ ಅಭಿಪ್ರಾಯ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳ ವೀಕ್ಷಣಾ ಸ್ಥಳಗಳು ಬೇರೆ ಬೇರೆ ಕಡೆ ಇರುವುದರಿಂದ ಎರಡನ್ನೂ ಚಾಲಕರಿಗೆ ಮೊದಲೇ ತಿಳಿಸಿ. ಬಾಡಿಗೆಗೆ ಹಿಡಿಯುವ ಕನಿಷ್ಠ ಕಿಲೋಮೀಟರ್ ಎಷ್ಟು, ಬಾಟಾ (ಚಾಲಕರ ದಿನಭತ್ಯೆ), ಟೋಲ್, ಪಾರ್ಕಿಂಗ್ ಯಾರ ಲೆಕ್ಕಕ್ಕೆ ಸೇರುತ್ತವೆಂದು ಬರಹದಲ್ಲಿ ಪಡೆಯದೆ ನಾವು ಒಮ್ಮೆ ಸಂಜೆ ಮನೆಯ ಬಾಗಿಲಲ್ಲೇ ವಾದಿಸಬೇಕಾಯಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ತಾಯಿಯವರಿಗೆ ಮಂಡಿನೋವಿದೆ, ತಾವು ಹೇಳಿದಂತೆಯೇ ಮಾಡುತ್ತೇವೆ.