ಏರಿಳಿಯುವ ರಕ್ತದೊತ್ತಡ: ಅಡ್ರಿನಲ್ ಗಡ್ಡೆಯಿರಬಹುದೇ?

ಪ್ರಶ್ನೆ (ಡೊಂಬಿವಲಿ):
ನನ್ನ ಅಕ್ಕನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಸೆರಗು ಒದ್ದೆಯಾಗುವಷ್ಟು ಬೆವರುತ್ತಾಳೆ. ಆಗ 210/120 ಇದ್ದ ರಕ್ತದೊತ್ತಡ ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಎಲ್ಲರೂ ಆತಂಕವೆನ್ನುತ್ತಾರೆ. ಬೇರೇನಾದರೂ ಇರಬಹುದೇ?

ಉತ್ತರ (ಪುಣೆ):
ಈ ಮೂರೂ ಲಕ್ಷಣಗಳು ಹೀಗೆ ಒಟ್ಟಿಗೆ ಬಂದು ಹೋಗುತ್ತಿದ್ದರೆ, ಅಪರೂಪದ್ದಾದರೂ, ಫಿಯೋಕ್ರೋಮೋಸೈಟೋಮಾ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆ) ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ದಯವಿಟ್ಟು ತಡಮಾಡದೆ ಎಂಡೋಕ್ರೈನಾಲಜಿಸ್ಟರನ್ನು (ಹಾರ್ಮೋನ್ ತಜ್ಞರನ್ನು) ಕಾಣಿರಿ. ಮೊದಲು ಸ್ಕ್ಯಾನ್ ಅಲ್ಲ, ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲಿನ್‌ನಂಥ ಹಾರ್ಮೋನುಗಳು ಒಡೆದು ಉಂಟಾಗುವ ವಸ್ತು) ಪರೀಕ್ಷೆ. ರಕ್ತ ತೆಗೆಯುವ ಮುನ್ನ ಕನಿಷ್ಠ 20 ನಿಮಿಷ ಅಂಗಾತ ಮಲಗಿರಬೇಕು. ಕುಳಿತೇ ಕೊಟ್ಟರೆ ಪ್ರಮಾಣ ಸುಳ್ಳೇ ಹೆಚ್ಚು ಕಾಣಬಹುದು.

ಉತ್ತರ (ಮಡಗಾಂವ್):
ನನ್ನ ತಂದೆಯವರಿಗೆ ಇದೇ ಗಡ್ಡೆಯಿತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಆಲ್ಫಾ ಬ್ಲಾಕರ್ (ರಕ್ತನಾಳಗಳನ್ನು ಸಡಿಲಿಸುವ ಔಷಧ) ಕೊಟ್ಟು, ಬಳಿಕವಷ್ಟೇ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಔಷಧ) ಸೇರಿಸಿದರು. ಈ ಕ್ರಮ ತಪ್ಪಿದರೆ ಒತ್ತಡ ಅಪಾಯಕರವಾಗಿ ಏರಬಹುದು. ಇದು ವಂಶಪಾರಂಪರ್ಯವಾಗಿಯೂ ಬರುವುದರಿಂದ ಜೀನ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿರಿ.