ಮೇ ತಿಂಗಳ ಬಿಸಿಲು, 11 ಡಿಗ್ರಿ ನೀರು: ಈಜು ಕೋಚ್‌ಗೆ ಕೇಳಿ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ನಮಸ್ಕಾರ ಸರ್. ನನಗೆ 31 ವರ್ಷ. ಊರು ಕುಂದಗೋಳದ ಹತ್ತಿರ. ಈಜು ಕಲಿತದ್ದು ಹೊಲದ ಭಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಈಗ ಪೂಲ್‌ನಲ್ಲಿ ಒಂದೂವರೆ ಕಿಲೋಮೀಟರ್ ನಿಲ್ಲದೆ ಈಜುತ್ತೇನೆ. ಏಪ್ರಿಲ್‌ನಲ್ಲಿ ಕೆಲಸದ ಮೇಲೆ ಮ್ಯಾಂಚೆಸ್ಟರ್‌ಗೆ ಹೊರಟಿದ್ದೇನೆ. ಮೇ ಮೊದಲ ವಾರ ವಿಂಡರ್‌ಮಿಯರ್ ಸರೋವರದಲ್ಲಿ ಈಜೋಣ ಬಾ ಅಂತ ಅಲ್ಲಿನ ಆಫೀಸಿನವರು ಕರೆದಿದ್ದಾರೆ. ನೀರು 11 ಡಿಗ್ರಿ ಇರಬಹುದಂತೆ. ನಾವೂ ಡಿಸೆಂಬರ್ ಚಳಿಯಲ್ಲಿ ಭಾವಿಗೆ ಹಾರಿದವರೇ. ಇದು ಅಷ್ಟು ಬೇರೆ ಇರುತ್ತಾ? ಏನು ತಯಾರಿ ಮಾಡಿಕೊಳ್ಳಲಿ?

ಉತ್ತರ (ಈಜು ತರಬೇತುದಾರ, ಧಾರವಾಡ):
ಪೂರ್ತಿ ಬೇರೆ. ಡಿಸೆಂಬರ್ ಬೆಳಗ್ಗೆ ನಮ್ಮ ಭಾವಿಯಲ್ಲಿ ಹೊರಗೆ ಚಳಿ, ನೀರು ಬೆಚ್ಚಗೆ. ನೀರೊಳಗೆ ಇದ್ದರೆ ಸುಖ, ಮೇಲೆ ಬಂದರೆ ನಡುಕ. ಇಂಗ್ಲೆಂಡಿನ ಮೇ ತಿಂಗಳಲ್ಲಿ ಇದು ಉಲ್ಟಾ. ದಂಡೆಯಲ್ಲಿ 20 ಡಿಗ್ರಿ ಬಿಸಿಲು, ಜನ ಐಸ್‌ಕ್ರೀಂ ತಿನ್ನುತ್ತಿರುತ್ತಾರೆ. ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ, 17 ಕಿಲೋಮೀಟರ್ ಉದ್ದ. ಅಷ್ಟು ನೀರು ನಾಲ್ಕು ದಿನದ ಬಿಸಿಲಿಗೆ ಕಾಯುವುದಿಲ್ಲ. ಮೇಲಿನ ಒಂದೆರಡು ಅಡಿ ಬೆಚ್ಚಗಾದರೂ ಕಾಲು ಕೆಳಗೆ ಬಿಟ್ಟ ಕೂಡಲೇ ಥಂಡಿ ಹಿಡಿಯುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು: ಹಾರಬೇಡಿ. ಭಾವಿಯಲ್ಲಿ ಕಲಿತವರಿಗೆಲ್ಲ ದಡದಿಂದ ಧುಮುಕುವುದೇ ಈಜಿನ ಶುರು. ಆ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ. 15 ಡಿಗ್ರಿಗಿಂತ ತಣ್ಣಗಿನ ನೀರು ಒಮ್ಮೆಲೇ ಮೈಗೆ ತಾಗಿದರೆ ಗಕ್ಕನೆ ಒಂದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಆ ಗಳಿಗೆಯಲ್ಲಿ ಬಾಯಿ ನೀರೊಳಗಿದ್ದರೆ ಗಾಳಿಯ ಬದಲು ನೀರು ಹೋಗುತ್ತದೆ. ಆಮೇಲೆ ಒಂದೆರಡು ನಿಮಿಷ ಏದುಸಿರು, ಎದೆ ಡವಡವ. ಇದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. ತಣ್ಣೀರಿನಲ್ಲಿ ಮುಳುಗುವವರಲ್ಲಿ ಬಹಳ ಜನ ಮೈ ತಣ್ಣಗಾಗಿ ಸಾಯುವುದಿಲ್ಲ, ಈ ಮೊದಲ ಕೆಲವು ನಿಮಿಷಗಳಲ್ಲೇ ಹೋಗಿಬಿಡುತ್ತಾರೆ. ಅವರಲ್ಲಿ ಚೆನ್ನಾಗಿ ಈಜು ಬಲ್ಲವರೂ ಇರುತ್ತಾರೆ.

ಹಾಗಾಗಿ ನಡೆದುಕೊಂಡು ಇಳಿಯಿರಿ. ಮೊಣಕಾಲು, ಸೊಂಟ, ಆಮೇಲೆ ಎದೆ. ಮುಖಕ್ಕೆ, ಕತ್ತಿನ ಹಿಂದೆ ನೀರು ಚಿಮುಕಿಸಿಕೊಳ್ಳಿ. ಉಸಿರು ಬಿಡುವುದರ ಕಡೆ ಗಮನ ಇರಲಿ. ತೆಗೆದುಕೊಳ್ಳುವುದು ತಾನಾಗಿ ಆಗುತ್ತದೆ. ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಮಾತಾಡಲು ಬಂದ ಮೇಲೆ ಮುಖ ಮುಳುಗಿಸಿ. ಅಕಸ್ಮಾತ್ ಜಾರಿ ಬಿದ್ದರೆ ಈಜಲು ಹೋಗಲೇಬೇಡಿ. ಅಂಗಾತ ತೇಲಿ, ಕಿವಿ ನೀರಲ್ಲಿ, ಬಾಯಿ ಮೇಲೆ. ಉಸಿರು ಹತೋಟಿಗೆ ಬರುವವರೆಗೆ ಅಷ್ಟೇ ಕೆಲಸ. ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ಕೂಡ ಮೊದಲು ತೇಲಿ ಅಂತಲೇ ಹೇಳುತ್ತದೆ.

ಮರುಪ್ರಶ್ನೆ (ಅದೇ ಸದಸ್ಯ):
ಉಸಿರು ಸರಿಯಾದ ಮೇಲೆ ಒಂದು ಕಿಲೋಮೀಟರ್ ಈಜಬಹುದಾ ಸರ್?

ಉತ್ತರ:
ಮೊದಲ ದಿನ ಬೇಡ. ಐದೇ ನಿಮಿಷ, ಅದೂ ದಂಡೆಗೆ ಸಮನಾಗಿ, ಕಾಲೂರುವಷ್ಟು ಆಳದಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ಮೊದಲು ಸೋಲುವುದು ಕೈ.

ನನ್ನದೇ ಹೇಳುತ್ತೇನೆ. ಮೊದಲ ಸಲ 13 ಡಿಗ್ರಿ ನೀರಿಗೆ ಇಳಿದಾಗ ಹದಿನೈದು ನಿಮಿಷಕ್ಕೆ ಬಲಗೈ ಕಿರುಬೆರಳು ಉಳಿದ ಬೆರಳುಗಳಿಂದ ದೂರ ನಿಂತುಬಿಟ್ಟಿತು. ಹತ್ತಿರ ತರಲು ನೋಡಿದೆ, ಬರಲಿಲ್ಲ. ಆಮೇಲೆ ಅಂಗೈ ಜರಡಿಯಂತಾಯಿತು, ನೀರು ಹಿಡಿಯುತ್ತಲೇ ಇಲ್ಲ. ದಂಡೆ ಮೂವತ್ತು ಮೀಟರ್ ದೂರ ಇತ್ತು, ಅದೇ ಜಾಸ್ತಿ ಅನಿಸಿತು. ಹೊರಗೆ ಬಂದು ಅಂಗಿಯ ಗುಂಡಿ ಹಾಕಲು ಆಗಲಿಲ್ಲ, ಜೊತೆಗಿದ್ದವರು ಹಾಕಿಕೊಟ್ಟರು. ಕಿರುಬೆರಳು ಮಾತು ಕೇಳದಿದ್ದರೆ ಆ ಕ್ಷಣವೇ ವಾಪಸ್ ತಿರುಗಿ. ನನ್ನ ಹುಡುಗರಿಗೆ ಈಗ ಇದನ್ನೇ ಹೇಳಿಕೊಡುತ್ತೇನೆ.

ಹೊರಗೆ ಬಂದ ಮೇಲೂ ಹತ್ತಿಪ್ಪತ್ತು ನಿಮಿಷ ಮೈಯ ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ. "ಏನೂ ಆಗಿಲ್ಲ" ಅಂತ ನಗುತ್ತಾ ಬಂದವರು ಸ್ವಲ್ಪ ಹೊತ್ತಿಗೆ ಗಡಗಡ ನಡುಗುವುದು ಇದಕ್ಕೇ. ಬಂದ ತಕ್ಷಣ ಒದ್ದೆ ಬಟ್ಟೆ ಬಿಚ್ಚಿ, ಮೊದಲು ಎದೆ, ಹೊಟ್ಟೆ ಒಣಗಿಸಿ ಬಟ್ಟೆ ಹಾಕಿ. ಟೋಪಿ, ಕಾಲುಚೀಲ ಕೂಡ. ಗುಂಡಿ ಇಲ್ಲದ, ಸಡಿಲ ಬಟ್ಟೆ ಒಯ್ಯಿರಿ. ಸಕ್ಕರೆ ಹಾಕಿದ ಬೆಚ್ಚಗಿನ ಚಹಾ ಒಳ್ಳೆಯದು, ಅರ್ಧ ಕಪ್ ಮಾತ್ರ ತುಂಬಿಸಿ, ಕೈ ನಡುಗಿ ಚೆಲ್ಲುತ್ತದೆ. ಕೂಡಲೇ ಬಿಸಿನೀರು ಸ್ನಾನ ಬೇಡ, ತಲೆ ತಿರುಗಿ ಬೀಳುವ ಸಾಧ್ಯತೆ ಇದೆ. ನಡುಕ ನಿಲ್ಲುವವರೆಗೆ ಗಾಡಿ ಓಡಿಸಬೇಡಿ.

ಪ್ರಶ್ನೆ (ಗದಗ):
ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಪು) ಬೇಕೇ ಬೇಕಾ? ಮಿಹಿರ್ ಸೇನ್ 1958ರಲ್ಲಿ ಇಂಗ್ಲಿಷ್ ಕಾಲುವೆಯನ್ನೇ ಅದಿಲ್ಲದೆ ದಾಟಿದರಲ್ವಾ?

ಉತ್ತರ:
ದಾಟಿದರು, ಆದರೆ ಸೆಪ್ಟೆಂಬರ್ ಕೊನೆಯಲ್ಲಿ. ಇಡೀ ಬೇಸಿಗೆ ಕಾದ ಸಮುದ್ರ ಅದು. ಮರುವರ್ಷ ಆರತಿ ಸಹಾ ದಾಟಿದ್ದೂ ಸೆಪ್ಟೆಂಬರ್‌ನಲ್ಲೇ. ಮೇ ತಿಂಗಳ ನೀರಿಗೆ ಅದನ್ನು ಹೋಲಿಸಬೇಡಿ. ಅಂತರರಾಷ್ಟ್ರೀಯ ಓಪನ್ ವಾಟರ್ ಸ್ಪರ್ಧೆಗಳ ನಿಯಮ ನೋಡಿ: ನೀರು 18 ಡಿಗ್ರಿಗಿಂತ ಕಡಿಮೆ ಇದ್ದರೆ ವೆಟ್‌ಸೂಟ್ ಕಡ್ಡಾಯ, 16ಕ್ಕಿಂತ ಕಡಿಮೆ ಇದ್ದರೆ ಸ್ಪರ್ಧೆಯೇ ಇಲ್ಲ. ಹೊಸಬರು 11 ಡಿಗ್ರಿಗೆ ಬರೀ ಚಡ್ಡಿಯಲ್ಲಿ ಇಳಿಯುವುದು ನನಗೆ ಒಪ್ಪಿಗೆ ಇಲ್ಲ. ವೆಟ್‌ಸೂಟ್ ಜೊತೆ ಕಡುಬಣ್ಣದ ಟೋಪಿ ಬೇಡ, ಕಿತ್ತಳೆ ಅಥವಾ ಹಳದಿ ಇರಲಿ. ಸೊಂಟಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಟೋ ಫ್ಲೋಟ್ ತಗೊಳ್ಳಿ. ನಮ್ಮ ಬೆಂಡಿನ ತಮ್ಮ ಅಂದುಕೊಳ್ಳಿ. ಸುಸ್ತಾದರೆ ಹಿಡಿದು ತೇಲಬಹುದು, ದೋಣಿಯವರಿಗೂ ಕಾಣುತ್ತದೆ.

ಪ್ರಶ್ನೆ (ಹುಬ್ಬಳ್ಳಿ):
ಅಭ್ಯಾಸಕ್ಕೆ ಉಣಕಲ್ ಕೆರೆ ಆಗುತ್ತಾ ಸರ್?

ಉತ್ತರ:
ಬೇಡ ರೀ. ಕೊಳಚೆ ನೀರು, ಅಂತರಗಂಗೆ ಬಳ್ಳಿ. ಕಾಲಿಗೆ ಬಳ್ಳಿ ಸುತ್ತಿಕೊಂಡರೆ ಎಂಥ ಈಜುಗಾರನಿಗೂ ಕಷ್ಟ. ಅದೂ ಅಲ್ಲದೆ ಅಲ್ಲಿ ನೀರು ಬೇಕಾದಷ್ಟು ತಣ್ಣಗಿರುವುದಿಲ್ಲ.

ಮನೆಯಲ್ಲೇ ಒಂದು ದಾರಿ ಇದೆ. ತಣ್ಣೀರಲ್ಲಿ ಎರಡು ಮೂರು ನಿಮಿಷ ಇದ್ದು ಬರುವುದನ್ನು ಐದಾರು ಸಲ ಮಾಡಿದರೆ ಆ ಮೊದಲ ಏದುಸಿರು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಮೈ ಕಲಿತದ್ದು ತಿಂಗಳುಗಟ್ಟಲೆ ಉಳಿಯುತ್ತದೆ. 200 ಲೀಟರ್‌ನ ಪ್ಲಾಸ್ಟಿಕ್ ಡ್ರಮ್ಮಿಗೆ 130 ಲೀಟರ್ ನೀರು ಹಾಕಿ. ನಲ್ಲಿ ನೀರು 24 ಡಿಗ್ರಿ ಇದ್ದರೆ ಅದನ್ನು 15ಕ್ಕೆ ಇಳಿಸಲು ಸುಮಾರು 12 ಕೆಜಿ ಐಸ್ ಬೇಕು. ಮೊದಲ ದಿನವೇ 15 ಬೇಡ. 20ರಿಂದ ಶುರು ಮಾಡಿ, ದಿನಕ್ಕೆ ಒಂದೆರಡು ಡಿಗ್ರಿ ಇಳಿಸಿ. ನಿಂತುಕೊಂಡೇ ಇರಿ, ತಲೆ ಮುಳುಗಿಸಬೇಡಿ, ಹತ್ತಲು ಇಳಿಯಲು ಗಟ್ಟಿ ಸ್ಟೂಲ್ ಇರಲಿ. ಮನೆಯವರೊಬ್ಬರು ಪಕ್ಕದಲ್ಲೇ ನಿಂತಿರಬೇಕು, ಒಳಗೆ ಅಡುಗೆಮನೆಯಲ್ಲಿ ಅಲ್ಲ.

ಪ್ರಶ್ನೆ (ಹಾವೇರಿ):
ನನಗೆ 56. ಬಿಪಿ ಮಾತ್ರೆ ತಗೊಳ್ತೀನಿ. ಮಗಳ ಊರು ಜರ್ಮನಿ. ಅಲ್ಲಿ ಕೆರೆಗೆ ಇಳಿಯುವ ಆಸೆ ಇದೆ.

ಉತ್ತರ:
ಅಕ್ಕಾರೇ, ತಣ್ಣೀರು ತಾಗಿದ ಕೂಡಲೇ ಚರ್ಮದ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ, ಎದೆಬಡಿತವೂ ಜೋರಾಗುತ್ತದೆ. ನಿಮ್ಮ ಡಾಕ್ಟರಿಗೆ ಮಾತ್ರೆ ಚೀಟಿ ತೋರಿಸಿ, "ತಣ್ಣೀರಲ್ಲಿ ಈಜಬಹುದಾ" ಅಂತ ನೇರವಾಗಿ ಕೇಳಿ. ಅವರು ಹೂಂ ಅಂದರೂ ಜುಲೈ, ಆಗಸ್ಟ್‌ವರೆಗೆ ಕಾಯಿರಿ. ಆಗ ಅಲ್ಲಿನ ಎಷ್ಟೋ ಕೆರೆಗಳು 20 ದಾಟಿರುತ್ತವೆ.

ಮೊದಲ ಸದಸ್ಯ:
ಡ್ರಮ್ ತಂದೆ ಸರ್. ಇವತ್ತು 20 ಡಿಗ್ರಿಯಲ್ಲಿ ಎರಡು ನಿಮಿಷ. ಅಷ್ಟಕ್ಕೇ ಉಸಿರು ಸಿಕ್ಕಿಕೊಂಡಿತು!

ಉತ್ತರ:
ಸಿಕ್ಕಿಕೊಳ್ಳುತ್ತದೆ. ಎಷ್ಟು ಸೆಕೆಂಡಿಗೆ ಸರಿಯಾಯಿತು ಅಂತ ದಿನಾ ಬರೆದಿಡಿ. ನಾಳೆಯೂ 20ರಲ್ಲೇ ಮಾಡಿ, ಇಳಿಸಬೇಡಿ.